ಬಿಚ್ಚಲು ಬರುವ ಫಿಯೆಟ್

ಫಿಯೆಟ್ 1100 ಕಾರಿನ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 2,340 ಮಿಲಿಮೀಟರ್ ದೂರ. ಇಪ್ಪತ್ನಾಲ್ಕು ಪಟ್ಟು ಚಿಕ್ಕ ಮಾದರಿಗಾಗಿ ಅದನ್ನು 24ರಿಂದ ಭಾಗಿಸಿದರೆ 97.5 ಮಿ.ಮೀ. ಸಿಗುತ್ತದೆ. ಈ ಒಂದು ಅಳತೆ ಗೊತ್ತಿದ್ದರೆ ಅಂಗೈ ಮೇಲೆ ಕೂರುವ ಫಿಯೆಟ್ ಕಟ್ಟಲು ಶುರು ಮಾಡಬಹುದು. ಕಪಾಟಿನ ಗಾಜಿನ ಹಿಂದೆ ನಿಲ್ಲಿಸಿಡುವ ಕಾರಲ್ಲ ಇದು. ಹಲಗೆಯ ದಾರಿಯ ಮೇಲೆ ಕರೆಂಟಿನಿಂದ ಓಡಿ, ತಿರುವಿನಲ್ಲಿ ಹಿಂಬದಿ ಜಾರಿಸಿ, ಮತ್ತೆ ನೇರವಾಗಿ ಚಿಮ್ಮುವ ಕಾರು. ಇದಕ್ಕೆ ಸ್ಲಾಟ್ ಕಾರ್ ಎನ್ನುತ್ತಾರೆ.

ದಾರಿಯ ಉದ್ದಕ್ಕೂ ಒಂದು ಸಣ್ಣ ಸೀಳು ಕೊರೆದಿರುತ್ತದೆ. ಕಾರಿನ ಮೂತಿಯ ಕೆಳಗಿರುವ ಗೈಡ್ ಎಂಬ ತೆಳು ತುಂಡು ಆ ಸೀಳಿನೊಳಗೆ ಇಳಿದು ದಿಕ್ಕು ಹಿಡಿಯುತ್ತದೆ. ಸೀಳಿನ ಎರಡೂ ಮಗ್ಗುಲಲ್ಲಿ ತಾಮ್ರದ ಪಟ್ಟಿ. ಗೈಡ್‌ಗೆ ಸಿಕ್ಕಿಸಿದ ತಾಮ್ರದ ಹೆಣಿಗೆಗಳು, ಅಂದರೆ ಬ್ರೇಡುಗಳು, ಆ ಪಟ್ಟಿಗಳನ್ನು ಸವರಿಕೊಂಡೇ ಸಾಗಿ 12 ವೋಲ್ಟ್ ವಿದ್ಯುತ್ತನ್ನು ಮೋಟರಿಗೆ ಮುಟ್ಟಿಸುತ್ತವೆ. ಓಡಿಸುವವರ ಕೈಯಲ್ಲಿ ಸ್ಟೀರಿಂಗ್ ಇಲ್ಲ, ಬೆರಳಿನಿಂದ ಒತ್ತುವ ಕಂಟ್ರೋಲರ್ ಇದೆ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದರಲ್ಲೇ ಇಡೀ ಆಟ. ಬಿಡುವುದು ಒಂದು ಕ್ಷಣ ತಡವಾದರೆ ಗೈಡ್ ಸೀಳಿನಿಂದ ಎಗರಿ ಕಾರು ನೆಲಕ್ಕೆ ಬೀಳುತ್ತದೆ.

ಸೂರತ್ತಿನ ಅಡಾಜಣ್‌ನ ಫ್ಲ್ಯಾಟಿನಲ್ಲಿ ಕೂತು ಇಂಥ ಕಾರುಗಳನ್ನು ಕಟ್ಟುತ್ತಾ ನನಗೆ ಮನದಟ್ಟಾದ ಮಾತು ಒಂದಿದೆ. ಕಾರು ಕಟ್ಟಿ ಮುಗಿಸುವುದು ಅರ್ಧ ಕೆಲಸ. ಅದನ್ನು ವರ್ಷಗಟ್ಟಲೆ ಓಡುವಂತೆ ಇಟ್ಟುಕೊಳ್ಳುವುದು ಉಳಿದರ್ಧ. ಆ ಉಳಿದರ್ಧದ ಯೋಚನೆ ಮೊದಲ ಬೆಸುಗೆ ಹಾಕುವಾಗಲೇ ತಲೆಯಲ್ಲಿರಬೇಕು. ಹಳೆಯ ಶೈಲಿಯ ಸ್ಲಾಟ್ ಕಾರಿನ ಸೊಗಸು ಅದರ ಬಣ್ಣದಲ್ಲಿ ಮಾತ್ರ ಇಲ್ಲ. ಅದರ ಒಂದೊಂದು ಭಾಗವನ್ನೂ ಬಿಚ್ಚಬಹುದು, ತೊಳೆಯಬಹುದು, ಬದಲಿಸಬಹುದು. ಆ ಗುಣಕ್ಕಾಗಿಯೇ ನಾನು ಈ ಕೆಲಸವನ್ನು ಪ್ರೀತಿಸುತ್ತೇನೆ.

ತಗಡಿನ ಕಾರಿಗೆ ಮೋಟರು ಬಂದ ಕಥೆ

ಇಂಗ್ಲೆಂಡಿನ ಮಿನಿಮಾಡೆಲ್ಸ್ ಎಂಬ ಕಂಪನಿಯನ್ನು ಕಟ್ಟಿದವರು ಫ್ರೆಡ್ ಫ್ರಾನ್ಸಿಸ್. 1952ರಲ್ಲಿ ಅವರು ಸ್ಕೇಲೆಕ್ಸ್ ಎಂಬ ಹೆಸರಿನಲ್ಲಿ ಕೀಲಿ ಕೊಟ್ಟರೆ ಓಡುವ ತಗಡಿನ ಕಾರುಗಳನ್ನು ಮಾರುಕಟ್ಟೆಗೆ ತಂದರು. ಮೊದಮೊದಲು ಅವುಗಳಿಗೆ ಒಳ್ಳೆಯ ಗಿರಾಕಿಯಿತ್ತು. ಆದರೆ ಕೀಲಿಯ ಕಾರು ಒಮ್ಮೆ ಬಿಟ್ಟರೆ ತನ್ನ ಪಾಡಿಗೆ ಹೋಗುತ್ತದೆ. ಮಗುವಿಗೆ ನೋಡುವುದಷ್ಟೇ ಕೆಲಸ. ಅದೇ ತಗಡಿನ ಮೈಯೊಳಗೆ ವಿದ್ಯುತ್ ಮೋಟರು ಕೂರಿಸಿ, ಸೀಳಿರುವ ರಬ್ಬರ್ ದಾರಿಯ ಮೇಲೆ ಓಡಿಸಿ, ವೇಗದ ಹಿಡಿತವನ್ನು ಆಡುವವರ ಕೈಗೆ ಕೊಟ್ಟಾಗ ಅದು ಸ್ಕೇಲೆಕ್ಸ್‌ಟ್ರಿಕ್ ಆಯಿತು. 1957ರ ಆರಂಭದಲ್ಲಿ ಹ್ಯಾರೋಗೇಟ್ ಆಟಿಕೆ ಮೇಳದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಮೊದಲ ಕಾರುಗಳಲ್ಲಿ ಮಾಸೆರಾಟಿ 250ಎಫ್ ಕೂಡ ಇತ್ತು. ಅದೇ ವರ್ಷ ಹುವಾನ್ ಮಾನ್ಯುಯೆಲ್ ಫಾಂಜಿಯೊ ನಿಜವಾದ 250ಎಫ್ ಓಡಿಸಿ ತಮ್ಮ ಐದನೆಯ ವಿಶ್ವ ಚಾಂಪಿಯನ್ ಪಟ್ಟ ಗೆದ್ದರು. ಬೇಡಿಕೆ ಮಿನಿಮಾಡೆಲ್ಸ್‌ನ ಕೈಮೀರಿದ್ದರಿಂದ 1958ರಲ್ಲಿ ಕಂಪನಿ ಲೈನ್ಸ್ ಬ್ರದರ್ಸ್ ಪಾಲಾಯಿತು.

ಅಮೆರಿಕದಲ್ಲಿ ಅರೋರಾ ಕಂಪನಿ 1960ರಲ್ಲಿ ಇನ್ನೂ ಚಿಕ್ಕ ಅಳತೆಯ ಕಾರುಗಳನ್ನು ಮನೆಮನೆಗೆ ಮುಟ್ಟಿಸಿತು. ಆ ದಶಕದ ನಡುವೆ ಅಲ್ಲಿನ ಊರೂರುಗಳಲ್ಲಿ ಬಾಡಿಗೆಗೆ ದಾರಿ ಕೊಡುವ ದೊಡ್ಡ ರೇಸ್‌ವೇಗಳು ತೆರೆದವು. ದಶಕ ಮುಗಿಯುವ ಹೊತ್ತಿಗೆ ಬಹುಪಾಲು ಮುಚ್ಚಿಯೂ ಹೋದವು. ಆದರೆ ಆ ಕೆಲವೇ ವರ್ಷಗಳಲ್ಲಿ ಹವ್ಯಾಸಿಗಳು ತಮ್ಮ ಮೇಜಿನ ಮೇಲೆ ಹಿತ್ತಾಳೆ ಕೊಳವೆ, ಪಿಯಾನೊ ತಂತಿ, ಬೆಸುಗೆ ಕಡ್ಡಿ ಹಿಡಿದು ಚಾಸಿ ಕಟ್ಟುವುದನ್ನು ಕಲಿತರು. ಇಂದು ‘ವಿಂಟೇಜ್ ಶೈಲಿ’ ಎನ್ನುವುದು ಆ ಕಾಲದ ಈ ಕೈಕೆಲಸವನ್ನೇ.

ನಮ್ಮ ದೇಶಕ್ಕೆ ಆ ಅಲೆ ಬಂದು ಬಡಿಯಲಿಲ್ಲ. ಆಮದು ಪರವಾನಗಿಯ ಕಾಲದಲ್ಲಿ ಇಂಥ ಸೆಟ್ಟು ಕಾಣಬೇಕಾದರೆ ವಿದೇಶದಿಂದ ಬಂದ ನೆಂಟರ ಪೆಟ್ಟಿಗೆಯೇ ಗತಿ. ಆದರೂ ಪುಟ್ಟ ಕಾರಿನ ಆಸೆ ಇಲ್ಲಿ ಬೇರೆ ದಾರಿ ಹುಡುಕಿಕೊಂಡಿತು. ಇಂಗ್ಲೆಂಡಿನ ಡಿಂಕಿ ಕಾರುಗಳ ಹಳೆಯ ಅಚ್ಚುಗಳು 1960ರ ದಶಕದ ಕೊನೆಗೆ ಕಲ್ಕತ್ತಾಕ್ಕೆ ಬಂದು, ನಿಕ್ಕಿ ಟಾಯ್ಸ್ ಹೆಸರಿನಲ್ಲಿ ನಮ್ಮ ಮಕ್ಕಳ ಕೈಸೇರಿದವು.

ಯಾಕೆ ಫಿಯೆಟ್?

ಹಳೆಯ ಶೈಲಿ ಎಂದ ಕೂಡಲೇ ಹೆಚ್ಚಿನವರು ಫೆರಾರಿ, ಲೋಟಸ್ ಕಡೆ ಹೊರಳುತ್ತಾರೆ. ನಾನು ಹೊರಳಿದ್ದು ಶೋಲಾವರಂ ಕಡೆ. ಎರಡನೆಯ ಮಹಾಯುದ್ಧದ ಕಾಲದ ಆ ವಿಮಾನ ಓಡುದಾರಿ ಮದರಾಸಿನ ಉತ್ತರಕ್ಕಿದೆ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳ ಕಾಲ ಅಲ್ಲಿ ಓಟ ನಡೆಸಿತು. ಕ್ಲಬ್ಬಿನ ಹೊಸ ಟ್ರ್ಯಾಕ್ ಇರುಂಗಾಟ್ಟುಕೋಟೆಯಲ್ಲಿ ಶುರುವಾದದ್ದು 1990ರಲ್ಲಿ. ಸೌರಾಷ್ಟ್ರದ ಗೊಂಡಲ್ ರಾಜಮನೆತನದವರೂ ಶೋಲಾವರಂನಲ್ಲಿ ಕಾರು ಓಡಿಸಿದವರೇ. ವಿದೇಶಿ ರೇಸ್ ಕಾರು ತರಿಸುವ ಶಕ್ತಿ ಕೆಲವರಿಗೆ ಮಾತ್ರ ಇತ್ತು. ಉಳಿದವರು ವಾರವೆಲ್ಲ ಆಫೀಸಿಗೆ ಒಯ್ಯುತ್ತಿದ್ದ ಫಿಯೆಟ್ಟನ್ನೇ ಎಂಜಿನ್ ತಿದ್ದಿ, ಸೀಟು ಕಿತ್ತು ಹಗುರ ಮಾಡಿ ಓಟಕ್ಕೆ ಇಳಿಸಿದರು. 1,089 ಸಿಸಿಯ ಆ ಸಂಸಾರದ ಕಾರು ನಮ್ಮ ದೇಶದ ರೇಸಿಂಗ್‌ನ ಬೆನ್ನೆಲುಬಾಗಿತ್ತು.

ಆ ಕಾರನ್ನು ತಯಾರಿಸಿದ್ದು ಮುಂಬಯಿ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್. ಅದನ್ನು 1944ರಲ್ಲಿ ಸ್ಥಾಪಿಸಿದವರು ವಾಲ್‌ಚಂದ್ ಹೀರಾಚಂದ್. ಅದಕ್ಕೂ ಮೊದಲು, 1940ರಲ್ಲಿ, ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದವರೂ ಇವರೇ. 1954ರಲ್ಲಿ ನಮ್ಮಲ್ಲಿಗೆ ಬಂದ 1100, ಮುಂದೆ ಡಿಲೈಟ್, ಪ್ರೆಸಿಡೆಂಟ್ ಎಂದಾಗಿ 1974ರಲ್ಲಿ ಪದ್ಮಿನಿ ಆಯಿತು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ಗೆ ರಸ್ತೆಯಿಂದ ಸರಿದವು. ಸ್ಟೀರಿಂಗ್ ಪಕ್ಕದ ಗೇರು ಎಳೆದು ಇದನ್ನು ಓಡಿಸಿದವರು ಹುಬ್ಬಳ್ಳಿ, ದಾವಣಗೆರೆ, ಮಂಗಳೂರುಗಳಲ್ಲಿ ಇನ್ನೂ ಇದ್ದಾರೆ. ಅವರ ಕಣ್ಣಿಗೆ ಬಿದ್ದಾಗ ತಕ್ಷಣ ಗುರುತು ಸಿಗುವ ಕಾರು ಕಟ್ಟಬೇಕು ಎಂಬುದು ನನ್ನ ಆಸೆ.

ಗುಜರಾತಿನಲ್ಲಿ ಹಳೆಯ ಕಾರುಗಳ ಮೈಕಟ್ಟು ಓದಲು ಒಳ್ಳೆಯ ಜಾಗಗಳಿವೆ. ಅಹಮದಾಬಾದಿನ ಹೊರವಲಯದ ಕಠವಾಡಾದಲ್ಲಿ, ದಾಸ್ತಾನ್ ಎಸ್ಟೇಟಿನಲ್ಲಿ, ಪ್ರಾಣಲಾಲ್ ಭೋಗಿಲಾಲ್ ಕೂಡಿಸಿದ ಆಟೊ ವರ್ಲ್ಡ್ ಸಂಗ್ರಹವಿದೆ. ರೋಲ್ಸ್ ರಾಯ್ಸ್, ಬೆಂಟ್ಲಿ, ಡೈಮ್ಲರ್, ಲಗೊಂಡಾ, ಮೇಬ್ಯಾಕ್ ಕಾರುಗಳು ಅಲ್ಲಿ ಸಾಲಾಗಿ ನಿಂತಿವೆ. ಗೊಂಡಲ್ ಅರಮನೆಯ ಗ್ಯಾರೇಜೂ ಹೆಸರುವಾಸಿ. ನಮ್ಮ ಕಡೆಯವರಿಗೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳ ಪರಿಚಯವಿದ್ದೇ ಇದೆ. ಮಾದರಿ ಕಟ್ಟುವವರು ಇಲ್ಲಿ ಕಾರಿನ ಅಂದವನ್ನು ಮಾತ್ರ ನೋಡಿ ಬರಬಾರದು. ಮಡ್‌ಗಾರ್ಡ್ ಬಾಗಿಲಿಗೆ ಎಲ್ಲಿ ಸೇರುತ್ತದೆ, ಟೈರಿನ ಎಷ್ಟು ಭಾಗ ಮಡ್‌ಗಾರ್ಡಿನೊಳಗೆ ಅಡಗುತ್ತದೆ, ಕಿಟಕಿಯ ಕಂಬ ಎಷ್ಟು ವಾಲಿದೆ ಎಂಬುದನ್ನೆಲ್ಲ ಬರೆದುಕೊಂಡು ಬರಬೇಕು. ಚಿಕ್ಕ ಕಾರು ದೊಡ್ಡದರಂತೆ ಕಾಣುವುದು ಇಂಥ ಗೆರೆಗಳಿಂದಲೇ.

ಹಿತ್ತಾಳೆಯ ಎಲುಬು

ಚಾಸಿಯಿಂದ ಕೆಲಸ ಆರಂಭ. ಬೇಕಾದದ್ದು ಒಂದೂವರೆ ಮಿ.ಮೀ. ದಪ್ಪದ ಹಿತ್ತಾಳೆ ಕಡ್ಡಿ, ಹೆಚ್ಚುಕಡಿಮೆ ಒಂದು ಮಿ.ಮೀ. ದಪ್ಪದ ಹಿತ್ತಾಳೆ ತಗಡು, ಆಕ್ಸಲ್ ಕೂರುವ ಕಂಚಿನ ಬುಷ್‌ಗಳು. ಹಿತ್ತಾಳೆಯ ವಿಷಯದಲ್ಲಿ ಗುಜರಾತಿನವರು ಅದೃಷ್ಟವಂತರು. ದೇಶದ ಹಿತ್ತಾಳೆ ಬಿಡಿಭಾಗಗಳ ದೊಡ್ಡ ಕೇಂದ್ರ ಜಾಮ್‌ನಗರ ಈ ರಾಜ್ಯದಲ್ಲೇ ಇದೆ. ಸಣ್ಣ ಅರ, ಚಿನ್ನಗೆಲಸದ ಗರಗಸ, ಮೊನಚು ಚಿಮಟಗಳಿಗೆ ಸೂರತ್ತಿನಲ್ಲಿ ಬರವಿಲ್ಲ. ವಜ್ರ, ಜರಿ, ಆಭರಣಗಳ ಊರಿದು. ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ, ಅಹಮದಾಬಾದಿನವರು ರಿಲೀಫ್ ರೋಡಿನಲ್ಲಿ ಮೋಟರು, ವೈರು, ಸ್ವಿಚ್ಚು ಹುಡುಕಬಹುದು.

ಕಾಗದದ ಮೇಲೆ ಕಾರಿನ ಅಡಿನಕ್ಷೆ ಬರೆದು, ಅದನ್ನು ಸಮತಟ್ಟಾದ ಮರದ ಹಲಗೆಗೆ ಅಂಟಿಸಿ, ಗೆರೆಯ ಎರಡೂ ಬದಿಗೆ ಮೊಳೆ ಬಡಿದರೆ ಅಚ್ಚು ಸಿದ್ಧ. ಕಡ್ಡಿಗಳು ಮೊಳೆಗಳ ನಡುವೆ ಅಲುಗದೆ ಕೂರುತ್ತವೆ. ಎರಡು ಆಕ್ಸಲ್‌ಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕು, ನಾಲ್ಕೂ ಗಾಲಿ ಒಂದೇ ಮಟ್ಟದಲ್ಲಿ ನೆಲ ಮುಟ್ಟಬೇಕು. ಇಲ್ಲಿ ಅರ್ಧ ಮಿ.ಮೀ. ಸೊಟ್ಟವಾದರೂ ಕಾರು ಒಂದು ತಿರುವಿನಲ್ಲಿ ಚೆನ್ನಾಗಿ, ಇನ್ನೊಂದರಲ್ಲಿ ಕೆಟ್ಟದಾಗಿ ಓಡುತ್ತದೆ.

ಬೆಸುಗೆಯ ಪಾಠ ನನಗೆ ಸಿಕ್ಕಿದ್ದು ಹಳೆ ಸೂರತ್ತಿನ ಒಬ್ಬ ಹಿರಿಯ ಅಕ್ಕಸಾಲಿಗರಿಂದ. ತಾಪಿ ನದಿಯ ಆಚೆ ದಂಡೆಯ ಗಲ್ಲಿಯೊಂದರಲ್ಲಿ ಅವರ ಅಂಗಡಿ. “ಕಾಕಾ, ಬೆಸುಗೆ ಹಿಡಿಯುತ್ತಲೇ ಇಲ್ಲ” ಎಂದು ತುಂಡು ತೋರಿಸಿದಾಗ ಅವರು ಅದನ್ನು ಬೆಳಕಿಗೆ ಹಿಡಿದು, “ಪಹೇಲಾ ಸಾಫ್ ಕರೋ, ಪಛಿ ಗರಮ್ ಕರೋ” ಎಂದರು. ಮೊದಲು ಶುಚಿ, ಆಮೇಲೆ ಕಾವು. ಬೆಸುಗೆ ನಿಲ್ಲುವುದು ಈ ಕ್ರಮದ ಮೇಲೆಯೇ. ಕೂಡಿಸುವ ಜಾಗವನ್ನು ಉಜ್ಜಿ ಹೊಳಪು ಬರಿಸಬೇಕು, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಸವರಬೇಕು, ಕಾವನ್ನು ಬೆಸುಗೆ ತಂತಿಗೆ ಕೊಡದೆ ಹಿತ್ತಾಳೆಗೇ ಕೊಡಬೇಕು. ಲೋಹ ಬಿಸಿಯಾದರೆ ಸೀಸ-ತವರ ತಾನಾಗಿ ಕರಗಿ ಸಂದಿಯೊಳಗೆ ಹರಿಯುತ್ತದೆ. ರೇಡಿಯೊ ರಿಪೇರಿಯ 25 ವಾಟ್ ಕಡ್ಡಿ ಇದಕ್ಕೆ ಸಾಲದು. ಹಿತ್ತಾಳೆ ಕಾವನ್ನು ಬೇಗ ಹಂಚಿಕೊಂಡುಬಿಡುವುದರಿಂದ 60 ವಾಟ್ ಅಥವಾ ಹೆಚ್ಚಿನದು ಬೇಕು. ಕೆಲಸ ಮುಗಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಚಾಸಿಯನ್ನು ಚೆನ್ನಾಗಿ ತೊಳೆಯಬೇಕು. ಆಮ್ಲದ ಫ್ಲಕ್ಸ್ ಉಳಿದುಕೊಂಡರೆ ಕೆಲವೇ ವಾರಗಳಲ್ಲಿ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಹಸಿರುಗಟ್ಟುತ್ತದೆ. ಸೀಸವಿರುವ ಬೆಸುಗೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರಬಾರದು. ಹೊಗೆ ಹೊರಹೋಗಲು ಕಿಟಕಿ ತೆರೆದಿರಬೇಕು.

ಗೈಡ್ ಹಿಡಿಯುವ ಮುಂಭಾಗವನ್ನು ಚಾಸಿಗೆ ಬಿಗಿಯಾಗಿ ಬೆಸೆಯದೆ, ಮೇಲೆ ಕೆಳಗೆ ತುಸು ಆಡುವಂತೆ ಕೀಲಿನ ಮೇಲೆ ಕೂರಿಸುವುದು 1960ರ ದಶಕದ ಒಂದು ಜಾಣತನ. ಇದಕ್ಕೆ ಡ್ರಾಪ್ ಆರ್ಮ್ ಎನ್ನುತ್ತಾರೆ. ದಾರಿ ಎಲ್ಲಾದರೂ ಉಬ್ಬಿದ್ದರೆ ಕಾರಿನ ಮೂತಿ ಎದ್ದರೂ ಗೈಡ್ ಸೀಳಿನೊಳಗೇ ಇರುತ್ತದೆ, ಬ್ರೇಡ್ ತಾಮ್ರವನ್ನು ಬಿಡುವುದಿಲ್ಲ.

ಮೋಟರು, ಗೇರು, ಒಂದು ಲೆಕ್ಕ

ಆಟಿಕೆಗಳಲ್ಲಿ ಸಿಗುವ 130 ಸೈಜಿನ ಮೋಟರು ಈ ಕಾರಿಗೆ ಸರಿಯಾಗಿ ಕೂರುತ್ತದೆ. 1954ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಬುಚಿ ಕಂಪನಿಯ ಇಂಥ ಚಿಕ್ಕ ಮೋಟರುಗಳೇ ಸ್ಲಾಟ್ ಕಾರುಗಳ ಸುವರ್ಣಕಾಲವನ್ನು ಓಡಿಸಿದ್ದು. ಒಂದು ಎಚ್ಚರ ಬೇಕು: 3 ವೋಲ್ಟಿಗೆ ಸುತ್ತಿದ ಮೋಟರನ್ನು 12 ವೋಲ್ಟಿಗೆ ಕಟ್ಟಿದರೆ ಸುಟ್ಟುಹೋಗುತ್ತದೆ. ತೆಳು ತಂತಿಯಿಂದ ಹೆಚ್ಚು ಸುತ್ತು ಹಾಕಿದ 12 ವೋಲ್ಟಿನದನ್ನೇ ಕೇಳಿ ತರಬೇಕು.

ಮೋಟರು ನಿಮಿಷಕ್ಕೆ 18,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಮೋಟರಿನ ದಂಡದ ಮೇಲಿನ ಚಿಕ್ಕ ಗೇರಿಗೆ, ಅಂದರೆ ಪಿನಿಯನ್‌ಗೆ, 9 ಹಲ್ಲು, ಆಕ್ಸಲ್‌ನ ಗೇರಿಗೆ 27 ಹಲ್ಲು ಇದ್ದರೆ ಗಾಲಿ ನಿಮಿಷಕ್ಕೆ 6,000 ಸುತ್ತು, ಸೆಕೆಂಡಿಗೆ 100 ಸುತ್ತು ತಿರುಗುತ್ತದೆ. ಫಿಯೆಟ್‌ನ ಟೈರಿನ ವ್ಯಾಸ ಹತ್ತಿರ ಹತ್ತಿರ 60 ಸೆಂ.ಮೀ.; ನಮ್ಮ ಅಳತೆಯಲ್ಲಿ 25 ಮಿ.ಮೀ. ಒಂದು ಸುತ್ತಿಗೆ ಕಾರು ಸುಮಾರು 78 ಮಿ.ಮೀ. ಮುಂದೆ ಹೋಗುತ್ತದೆ. ಅಂದರೆ ಸೆಕೆಂಡಿಗೆ 7.8 ಮೀಟರ್, ಗಂಟೆಗೆ 28 ಕಿ.ಮೀ. ಅಳತೆಗೆ ತಕ್ಕಂತೆ ಇದನ್ನು 24ರಿಂದ ಗುಣಿಸಿದರೆ ಗಂಟೆಗೆ 670 ಕಿ.ಮೀ. ದಾಟುತ್ತದೆ! ಮನೆಯ ಕೋಣೆಯ ದಾರಿಗೆ ಇದು ಅತಿಯಾಯಿತು. ಹಾಗಾಗಿ 9ಕ್ಕೆ 36ರ ಗೇರು ಹಾಕಿ, ವೇಗವನ್ನು ಇಳಿಸಿ, ಎಳೆತವನ್ನು ಹೆಚ್ಚಿಸಿಕೊಳ್ಳುವುದು ಮೇಲು. ತಿರುವಿನಿಂದ ಹೊರಬರುವಾಗ ಕಾರು ಚಿಮ್ಮಬೇಕು, ಬೆರಳು ಬಿಟ್ಟಾಗ ನಿಲ್ಲಬೇಕು. ಚಿಕ್ಕ ದಾರಿಯಲ್ಲಿ ಗೆಲ್ಲುವುದು ಇದರಿಂದಲೇ.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಇಂದಿನ ಬಹುಪಾಲು ಸ್ಲಾಟ್ ಕಾರುಗಳ ಹೊಟ್ಟೆಯಲ್ಲಿ ಅಯಸ್ಕಾಂತವಿರುತ್ತದೆ. ದಾರಿಯ ಉಕ್ಕಿನ ಹಳಿಗೆ ಅದು ಅಂಟಿಕೊಂಡು ತಿರುವಿನಲ್ಲೂ ಕಾರನ್ನು ಹಿಡಿದಿಡುತ್ತದೆ. ಹಳೆಯ ಶೈಲಿಯಲ್ಲಿ ಅದಕ್ಕೆ ಜಾಗವಿಲ್ಲ. ತಾಮ್ರದ ಪಟ್ಟಿಯ ದಾರಿಯಲ್ಲಿ ಅದು ಕೆಲಸಕ್ಕೂ ಬಾರದು. ತಾಮ್ರವನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಅಯಸ್ಕಾಂತವಿಲ್ಲದ ಕಾರಿಗೆ ಹಿಡಿತ ಸಿಗುವುದು ಟೈರಿನಿಂದ, ಕೆಳಗೆ ಕೂತ ತೂಕದಿಂದ, ಓಡಿಸುವವರ ಬೆರಳಿನಿಂದ. ಅದು ಜಾರುವ ಮುನ್ನ ಸೂಚನೆ ಕೊಡುತ್ತದೆ, ಹಿಂಬದಿ ಮೆಲ್ಲಗೆ ಸರಿಯುವುದು ಕಾಣುತ್ತದೆ. ಆ ಸೂಚನೆಯನ್ನು ಓದಲು ಕಲಿಯುವುದೇ ಈ ಆಟದ ನಿಜವಾದ ವಿದ್ಯೆ.

ಹಾಲೆ ಮರದ ಮೈ, ಬಾದ್ಲಾದ ಹೊಳಪು

ಮೈ ಮಾಡಲು ಮೊದಲು ಮರದಲ್ಲಿ ಒಂದು ಮಾದರಿ ಕೆತ್ತಬೇಕು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಳೆ ನಯ, ಬಣ್ಣ ತಿಳಿ, ಉಳಿಗೆ ಮೆದು. ನಕ್ಷೆಯಿಂದ ಕತ್ತರಿಸಿದ ರಟ್ಟಿನ ಪಟ್ಟಿಗಳನ್ನು ಅಲ್ಲಲ್ಲಿ ಹಿಡಿದು ನೋಡುತ್ತಾ ಫಿಯೆಟ್‌ನ ಗುಂಡು ಭುಜ, ಹಿಂಬದಿಯ ಸಣ್ಣ ರೆಕ್ಕೆಗಳನ್ನು ತೆಗೆಯಬೇಕು. ಮಾದರಿಗೆ ಮೇಣ ಸವರಿ, ತೆಳು ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಅದ್ದಿ ಎರಡು ಪದರ ಹೊದಿಸಿದರೆ ಗಟ್ಟಿಯಾದ ಹಗುರ ಚಿಪ್ಪು ಸಿಗುತ್ತದೆ. ಎಪಾಕ್ಸಿ ಕೆಲಸಕ್ಕೆ ಕೈಗವಸು ಬೇಕು, ಉಜ್ಜುವಾಗ ಮೂಗಿಗೆ ಮಾಸ್ಕ್ ಬೇಕು. ಹೊರಮೈಯನ್ನು ಪುಟ್ಟಿ ತುಂಬಿ, ವಾಟರ್ ಪೇಪರಿನಿಂದ ಉಜ್ಜಿ, ಪ್ರೈಮರ್ ಕೊಟ್ಟು ಬಣ್ಣ ಹಾಕುವುದು ಕಾರಿನ ಡೆಂಟಿಂಗ್-ಪೇಂಟಿಂಗ್ ಅಂಗಡಿಯ ಕ್ರಮವೇ. ಅಂಥ ಅಂಗಡಿಯವರನ್ನು ಕೇಳಿದರೆ ಹಳೆಯ ಫಿಯೆಟ್‌ನ ತಿಳಿಹಸಿರು, ಕೆನೆ ಬಣ್ಣಗಳನ್ನು ಕಲಸಿಯೂ ಕೊಡುತ್ತಾರೆ.

ಬಂಪರು, ಕಿಟಕಿಯ ಅಂಚು, ಮೂತಿಯ ಜಾಲರಿಗಳ ಹೊಳಪಿಗೆ ಸೂರತ್ತು ಒಂದು ಉಡುಗೊರೆ ಇಟ್ಟಿದೆ. ಜರಿ ಮಾಡುವವರು ಲೋಹದ ತಂತಿಯನ್ನು ಅಚ್ಚಿನಿಂದ ಅಚ್ಚಿಗೆ ಎಳೆಯುತ್ತಾ ಕೂದಲಿಗಿಂತ ಸಣ್ಣಗೆ ಮಾಡುತ್ತಾರೆ. ಅದನ್ನು ಉರುಳೆಗಳ ನಡುವೆ ಚಪ್ಪಟೆ ಮಾಡಿದರೆ ಬಾದ್ಲಾ. ಬಾದ್ಲಾವನ್ನು ನೂಲಿನ ಮೇಲೆ ಸುತ್ತಿದರೆ ಜರಿ. ಅದು ದಕ್ಷಿಣದ ರೇಷ್ಮೆ ಸೀರೆಗಳ ಅಂಚು, ಸೆರಗುಗಳಿಗೂ ಬರುತ್ತದೆ. ಬೆಳ್ಳಿಬಣ್ಣದ ಬಾದ್ಲಾದ ಒಂದು ಎಳೆಯನ್ನು ಕಿಟಕಿಯ ಅಂಚಿಗೆ ಅಂಟಿಸಿದರೆ ಕ್ರೋಮ್ ಪಟ್ಟಿ ನಿಂತಂತೆಯೇ. ಸೂರತ್ತಿನ ಶತಮಾನಗಳ ಕಸುಬೊಂದು ಕುರ್ಲಾದ ಕಾರಿಗೆ ಹೀಗೆ ಒಗ್ಗಿಕೊಳ್ಳುವುದನ್ನು ಕಂಡರೆ ನನಗೆ ಖುಷಿಯಾಗುತ್ತದೆ.

ಮೈಯನ್ನು ಚಾಸಿಗೆ ಅಂಟಿನಿಂದ ಕೂರಿಸುವ ಮಾತೇ ಬೇಡ. ನಾಲ್ಕು ಸಣ್ಣ ಸ್ಕ್ರೂ ಸಾಕು, ಅವನ್ನೂ ಪೂರ್ತಿ ಬಿಗಿಯಬಾರದು. ಮೈ ಒಂದಿಷ್ಟು ಅಲುಗುವಂತಿದ್ದರೆ ಚಾಸಿಯ ಅದುರು ಅದಕ್ಕೆ ದಾಟುವುದಿಲ್ಲ, ಟೈರು ದಾರಿಯನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಬಿದ್ದಾಗ ಪೆಟ್ಟೂ ಕಡಿಮೆ.

ದಾರಿ ಮತ್ತು ಬ್ರೇಕು

ದಾರಿಗೆ ಎಂಡಿಎಫ್ ಹಲಗೆ, ಬಡಗಿಯ ರೌಟರ್ ಸಾಕು. ಸೀಳಿನ ಅಗಲ ಮೂರು ಮಿ.ಮೀ.ಗಿಂತ ಒಂಚೂರು ಹೆಚ್ಚು. ಆಳ ಗೈಡ್ ತಳ ಮುಟ್ಟದಷ್ಟು. ಸೀಳಿನ ಎರಡೂ ಬದಿಗೆ ಅಂಟು ಇರುವ ತಾಮ್ರದ ಟೇಪು. ಕೆಟ್ಟುಹೋದ ಕಂಪ್ಯೂಟರಿನ ಪವರ್ ಸಪ್ಲೈ ಸುಸ್ಥಿತಿಯಲ್ಲಿದ್ದರೆ ಅದರಿಂದಲೇ 12 ವೋಲ್ಟ್ ಪಡೆಯಬಹುದು. ಒಂದೊಂದು ಸೀಳಿಗೂ ಫ್ಯೂಸ್ ಹಾಕುವುದನ್ನು ಮಾತ್ರ ಮರೆಯಬಾರದು.

ಕಂಟ್ರೋಲರಿಗೆ ಮೂರು ತಂತಿ. ಎರಡು ತಂತಿಗಳ ಮೂಲಕ ಮೋಟರಿಗೆ ವಿದ್ಯುತ್ತು ಹೋಗುತ್ತದೆ. ನಡುವೆ ರೆಸಿಸ್ಟೆನ್ಸ್ ಸುರುಳಿ. ಬೆರಳು ಒತ್ತಿದಷ್ಟೂ ರೆಸಿಸ್ಟೆನ್ಸ್ ಕಡಿಮೆಯಾಗಿ ವೇಗ ಏರುತ್ತದೆ. ಮೂರನೆಯದು ಬ್ರೇಕಿನದು. ಬೆರಳು ಪೂರ್ತಿ ಬಿಟ್ಟಾಗ ಅದು ಮೋಟರಿನ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಆಗ ಉರುಳುತ್ತಿರುವ ಕಾರಿನ ಮೋಟರು ತಾನೇ ಜನರೇಟರ್ ಆಗಿ, ತಾನು ಹುಟ್ಟಿಸಿದ ವಿದ್ಯುತ್ತೇ ತನ್ನ ತಿರುಗುವಿಕೆಯನ್ನು ತಡೆಯುತ್ತದೆ. ಸವೆಯುವ ಭಾಗವೇ ಇಲ್ಲದ ಬ್ರೇಕು! ಹೈಸ್ಕೂಲಿನ ಭೌತಶಾಸ್ತ್ರವನ್ನು ಬೆರಳ ತುದಿಯಲ್ಲಿ ಅನುಭವಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಉಳಿದರ್ಧ: ಆರೈಕೆ

ಕಾರು ಓಡತೊಡಗಿದ ದಿನವೇ ಸವೆಯಲೂ ತೊಡಗುತ್ತದೆ. ಸೂರತ್ತಿನಲ್ಲಿ ಸಮುದ್ರ ದೂರವಿಲ್ಲ, ತಾಪಿ ಪಕ್ಕದಲ್ಲೇ ಹರಿಯುತ್ತದೆ, ಮಳೆಗಾಲದ ಗಾಳಿಯಲ್ಲಿ ಪಸೆ ತುಂಬಿರುತ್ತದೆ. ತಾಮ್ರದ ಟೇಪು ಕಂದುಗಟ್ಟುತ್ತದೆ, ಎಂಡಿಎಫ್ ಪಸೆ ಹೀರಿ ಉಬ್ಬುತ್ತದೆ. ಹಾಗಾಗಿ ಹಲಗೆಯ ಮೇಲ್ಮೈಗೆ ಮಾತ್ರವಲ್ಲ, ಅಡಿಗೂ ಅಂಚಿಗೂ ಸೀಳಿನ ಒಳಗೂ ಬಣ್ಣ ಬಳಿಯಬೇಕು. ಒಂದು ಬದಿ ಮಾತ್ರ ಮುಚ್ಚಿದ ಹಲಗೆ ಬಾಗಿಯೇ ಬಾಗುತ್ತದೆ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟೆಯಿಂದ ಬಿಟ್ಟ ನೀರು ಸೂರತ್ತಿನ ಬಹುಭಾಗವನ್ನು ಮುಳುಗಿಸಿದಾಗ ಅಡಾಜಣ್ ಕೂಡ ನೀರಿನಲ್ಲಿತ್ತು. ಈ ಬಡಾವಣೆಯಲ್ಲಿ ಬೆಲೆಯುಳ್ಳ ವಸ್ತುವನ್ನು ನೆಲಕ್ಕೆ ತಾಗಿಸಿ ಇಡಬಾರದೆಂದು ಹಳಬರು ಇಂದಿಗೂ ಹೇಳುತ್ತಾರೆ. ಆ ಮಾತಿನಂತೆ ನಮ್ಮ ದಾರಿ ಗೋಡೆಯ ಎತ್ತರದಲ್ಲಿ ತೂಗುತ್ತದೆ. ಬೇಕಾದಾಗ ಇಳಿಸಿ ಮೇಜಿನ ಮೇಲೆ ಹಾಸುತ್ತೇವೆ.

ಓಟಕ್ಕೆ ಮುನ್ನ ತಾಮ್ರದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಬಟ್ಟೆಯಿಂದ ಒರೆಸಬೇಕು. ಕಂದು ಹೆಚ್ಚಾಗಿದ್ದರೆ ಪ್ಲಾಸ್ಟಿಕ್ ನಾರಿನಿಂದ ಮೆಲ್ಲಗೆ ಉಜ್ಜಬಹುದು. ಪಾತ್ರೆ ತಿಕ್ಕುವ ಉಕ್ಕಿನ ನಾರು ಖಂಡಿತ ಬೇಡ. ಅದರ ಸಣ್ಣ ಚೂರುಗಳನ್ನು ಮೋಟರಿನ ಅಯಸ್ಕಾಂತ ಎಳೆದುಕೊಳ್ಳುತ್ತದೆ, ಒಳಗೆ ಹೋದ ಚೂರು ಮೋಟರನ್ನು ಕೊಲ್ಲುತ್ತದೆ.

ಕಾರು ತಡೆತಡೆದು ಓಡಿದರೆ ಮೊದಲ ಅನುಮಾನ ಬ್ರೇಡಿನ ಮೇಲೆ. ಅದರ ತುದಿ ಕೆದರಿ ಎಳೆಗಳು ಅತ್ತಿತ್ತ ಚಾಚಿದ್ದರೆ ಎರಡು ಪಟ್ಟಿಗಳ ನಡುವೆ ಶಾರ್ಟ್ ಆಗಬಹುದು. ಎಳೆಗಳನ್ನು ಹಿಂದಕ್ಕೆ ಬಾಚಿ, ಕೆಳಮುಖವಾಗಿ ಹಗುರವಾಗಿ ಬಾಗಿಸಬೇಕು. ಹೆಚ್ಚು ಬಾಗಿಸಿದರೆ ಮೂತಿ ಎದ್ದು ಗೈಡ್ ಸೀಳಿನಿಂದ ಹೊರಬರುತ್ತದೆ. ಬ್ರೇಡು ತೀರಾ ಸವೆದಾಗ, ಬೆಸುಗೆ ಹೀರಿ ತೆಗೆಯಲು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ತಾಮ್ರದ ಹೆಣಿಗೆಯೇ ಬದಲಿಗೆ ಬಳಕೆಯಾಗುತ್ತದೆ. ಅದರ ಫ್ಲಕ್ಸ್ ತೊಳೆದುಕೊಂಡರಾಯಿತು.

ಎಣ್ಣೆ ಹಾಕುವುದರಲ್ಲಿ ಜಿಪುಣತನವೇ ಒಳ್ಳೆಯದು. ಇಂಜೆಕ್ಷನ್ ಸೂಜಿಯ ತುದಿಯಿಂದ ಬುಷ್‌ಗೆ ಒಂದು ಸಣ್ಣ ಹನಿ ಸಾಕು. ಹೆಚ್ಚಾದ ಎಣ್ಣೆ ಹರಿದು ಮೋಟರಿನ ಕಾಮ್ಯುಟೇಟರ್ ಸೇರಿದರೆ ಕಾರ್ಬನ್ ಪುಡಿಯೊಂದಿಗೆ ಕಲಸಿ ಕಪ್ಪು ಜಿಡ್ಡಾಗುತ್ತದೆ, ಮೋಟರು ಬಿಸಿಯಾಗುತ್ತದೆ. ಗೇರಿನ ಹಲ್ಲುಗಳ ನಡುವೆ ತೆಳು ಕಾಗದದ ಪಟ್ಟಿ ಹಾಕಿ ಒತ್ತಿ, ಮೋಟರು ಬಿಗಿದು, ಕಾಗದ ತೆಗೆದರೆ ಸರಿಯಾದ ಅಂತರ ಉಳಿಯುತ್ತದೆ. ಅಂತರ ಇಲ್ಲದಿದ್ದರೆ ಮೋಟರು ಒದ್ದಾಡುತ್ತದೆ, ಹೆಚ್ಚಿದ್ದರೆ ಹಲ್ಲು ಮುರಿಯುತ್ತದೆ. ಇದಕ್ಕೆ ಕಿವಿಯೇ ಪರೀಕ್ಷಕ: ಸರಿಯಾಗಿ ಕೂತ ಗೇರು ಒಂದೇ ಸಮನೆ ಗುನುಗುತ್ತದೆ, ಕೂರದ್ದು ಕರಕರ ಎನ್ನುತ್ತದೆ.

ಹಿಂದಿನ ಟೈರು ಮೆತ್ತಗಿರಬೇಕು, ಪೂರ್ಣ ದುಂಡಗಿರಬೇಕು. ಮರಳು ಕಾಗದದ ಮೇಲೆ ಕಾರನ್ನು ಹಿಡಿದು, ಗಾಲಿಗಳನ್ನು ಕಡಿಮೆ ವೇಗದಲ್ಲಿ ತಿರುಗಿಸಿದರೆ ಉಬ್ಬು ತಗ್ಗುಗಳು ಸವೆದು ಸಮವಾಗುತ್ತವೆ. ಮುಂದಿನ ಟೈರಿಗೆ ಇದಕ್ಕೆ ವಿರುದ್ಧ ನ್ಯಾಯ. ಅದು ಹಿಡಿಯಬಾರದು, ಜಾರಬೇಕು. ದಿಕ್ಕು ನೋಡಿಕೊಳ್ಳಲು ಗೈಡ್ ಇದೆಯಲ್ಲ. ಅದಕ್ಕೆ ಬಣ್ಣವಿಲ್ಲದ ಉಗುರು ಪಾಲಿಶ್ ಬಳಿಯುವುದು ಹವ್ಯಾಸಿಗಳ ಹಳೆಯ ಗುಟ್ಟು. ಹಿಂದಿನ ಟೈರಿಗೆ ಅಂಟಿದ ದೂಳನ್ನು ಅಂಟುಪಟ್ಟಿಯ ಮೇಲೆ ಉರುಳಿಸಿ ತೆಗೆಯಬಹುದು. ರಬ್ಬರು ಕಾಲಕ್ರಮದಲ್ಲಿ ಗಟ್ಟಿಯಾಗಿ ಬಿರಿಯುತ್ತದೆ, ಅದನ್ನು ಯಾರೂ ತಡೆಯಲಾರರು. ಒಂದು ಜೋಡಿ ಹೊಸ ಟೈರು ಯಾವಾಗಲೂ ಡಬ್ಬಿಯಲ್ಲಿರಲಿ. ಕಾರನ್ನು ತಿಂಗಳುಗಟ್ಟಲೆ ಎತ್ತಿಡುವಾಗ ಚಾಸಿಯ ಕೆಳಗೆ ಮರದ ತುಂಡಿಟ್ಟು ಗಾಲಿಗಳು ಗಾಳಿಯಲ್ಲಿರುವಂತೆ ನಿಲ್ಲಿಸಿದರೆ ಟೈರು ಚಪ್ಪಟೆಯಾಗುವುದಿಲ್ಲ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡುವುದು ನಮ್ಮ ಮಳೆಗಾಲಕ್ಕೆ ಅಗತ್ಯ.

ಬಿದ್ದ ಕಾರಿನ ಬೆಸುಗೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಹೊಳಪು ಮಾಸಿ ಕೂದಲೆಳೆಯಷ್ಟು ಗೆರೆ ಕಂಡರೆ ಅದು ಬಿರುಕು. ಹಿತ್ತಾಳೆ ಚಾಸಿಯ ದೊಡ್ಡಗುಣ ಇಲ್ಲಿ ಕಾಣುತ್ತದೆ: ಶುಚಿ ಮಾಡಿ, ಫ್ಲಕ್ಸ್ ಸವರಿ, ಮತ್ತೆ ಕಾವು ಕೊಟ್ಟರೆ ಬಿರುಕು ಮಾಯ. ಪ್ಲಾಸ್ಟಿಕ್ ಚಾಸಿ ಮುರಿದರೆ ಕಸದ ಬುಟ್ಟಿಯೇ ಗತಿ. ಯಾವ ಗೇರು, ಯಾವ ಟೈರು, ಯಾವ ದಿನ ಏನು ಬದಲಿಸಿದ್ದು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಸಲ ಊಹೆಯ ಮೇಲೆ ಕೆಲಸ ಮಾಡಬೇಕಿಲ್ಲ.

ಯಾರಿಗಾಗಿ?

ವಡೋದರಾದ ಲಕ್ಷ್ಮೀವಿಲಾಸ ಅರಮನೆಯ ಆವರಣದಲ್ಲಿ ರಾಜಮಕ್ಕಳಿಗಾಗಿ ಹಾಕಿದ್ದ ಪುಟ್ಟ ರೈಲಿತ್ತು. ಅರಮನೆಯನ್ನು ಮಕ್ಕಳ ಶಾಲೆಗೆ ಜೋಡಿಸುತ್ತಿದ್ದ ಹಳಿ ಅದು. ಆ ಶಾಲೆಯ ಕಟ್ಟಡವೇ ಈಗ ಮಹಾರಾಜಾ ಫತೇಸಿಂಗ್ ಮ್ಯೂಸಿಯಂ. ರೈಲಿನ ಎಂಜಿನ್ ಅಲ್ಲೇ ನೋಡಲು ಸಿಗುತ್ತದೆ. ಓಡುವ ಪುಟ್ಟ ಯಂತ್ರದ ಸುಖಕ್ಕೆ ಅರಮನೆಯೇ ಬೇಕಿದ್ದ ಕಾಲ ಹೋಯಿತು. ಒಂದು ಹಲಗೆ, ಒಂದಿಷ್ಟು ತಾಮ್ರ, ಒಂದು ಮೋಟರು, ಬೆಸುಗೆ ಕಡ್ಡಿ ಇದ್ದರೆ ಎರಡು ಕೋಣೆಯ ಮನೆಗೂ ಆ ಸುಖ ಬರುತ್ತದೆ.

ನಮ್ಮ ಮನೆಗಳಲ್ಲಿ ಈಗ ಇರುವ ಯಂತ್ರಗಳಲ್ಲಿ ಬಹಳಷ್ಟನ್ನು ಬಿಚ್ಚಲಾಗುವುದಿಲ್ಲ. ಫೋನಿನ ಬೆನ್ನಿಗೆ ಅಂಟು, ಆಟಿಕೆಯ ಹೊಟ್ಟೆಗೆ ಸ್ಕ್ರೂ ಇಲ್ಲದ ಬೀಗ. ಕೆಟ್ಟರೆ ಎಸೆಯಿರಿ ಎಂಬುದೇ ಅವು ಮಕ್ಕಳಿಗೆ ಕಲಿಸುವ ಪಾಠ. ನಮ್ಮ ಕಟ್ಟಡದ ಹುಡುಗಿಯೊಬ್ಬಳು ಸಂಜೆ ಹೊತ್ತು ಬಂದು, “ಅಂಕಲ್, ಗಾಡಿ ಏಕೆ ನಿಂತಿತು?” ಎಂದು ಕೇಳುತ್ತಾಳೆ. ನಾನು ಉತ್ತರ ಹೇಳದೆ ಸ್ಕ್ರೂಡ್ರೈವರ್ ಕೊಡುತ್ತೇನೆ. ಅವಳು ಮೈ ತೆಗೆದು, ಬ್ರೇಡು ನೋಡಿ, ವೈರು ಜಗ್ಗಿ, ಗೇರು ತಿರುಗಿಸಿ ಕಾರಣವನ್ನು ತಾನೇ ಹುಡುಕುತ್ತಾಳೆ. ನಿಂತುಹೋದದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಸರಿಪಡಿಸಬಹುದು ಎಂಬ ನಂಬಿಕೆ ಅವಳ ಕೈಗೆ ಹೀಗೆ ದಾಟುತ್ತಿದೆ.

ನೀವೂ ಒಂದು ಕಾರು ಕಟ್ಟಿ. ಫಿಯೆಟ್ ಆಗಬಹುದು, ಅಂಬಾಸಿಡರ್ ಆಗಬಹುದು, ನಿಮ್ಮ ತಂದೆ ಓಡಿಸಿದ ಜೀಪ್ ಆಗಬಹುದು. ಮೊದಲ ಬೆಸುಗೆ ಒರಟಾಗಿದ್ದರೆ ಚಿಂತೆಯಿಲ್ಲ, ಮತ್ತೆ ಕರಗಿಸಬಹುದು. ಅಂಟು ಹಚ್ಚುವ ಕಡೆಯಲ್ಲೆಲ್ಲ ಸ್ಕ್ರೂ ಹಾಕಿ, ಬಿಡಿ ಟೈರು, ಬಿಡಿ ಬ್ರೇಡು ತೆಗೆದಿಟ್ಟುಕೊಳ್ಳಿ, ಬಿಚ್ಚುವುದನ್ನು ಪಕ್ಕದ ಮನೆಯ ಮಗುವಿಗೂ ಕಲಿಸಿ. ಇಪ್ಪತ್ತು ವರ್ಷಗಳ ನಂತರ ಆ ಕಾರನ್ನು ಯಾರಾದರೂ ಬಿಚ್ಚಿ, ಒರೆಸಿ, ಮತ್ತೆ ಓಡಿಸುವಂತಿದ್ದರೆ ಮಾತ್ರ ನೀವು ಅದನ್ನು ಚೆನ್ನಾಗಿ ಕಟ್ಟಿದ್ದೀರಿ ಎಂದರ್ಥ.